ಕರ್ತನ ಮೇಜಿಗೆ ನಾನು ತಯಾರಾಗುತ್ತಿದ್ದ ಕಾಲ

ತರೀಕೆರೆಯಲ್ಲಿ ನಮ್ಮ ಕ್ರೈಸ್ತ ಸಭೆ ಎಂದರೆ ಒಟ್ಟು ಒಂಬತ್ತು ಮನೆ. ರೈಲ್ವೆ ಗ್ಯಾಂಗ್‌ಮನ್ನರದು ಮೂರು, ಒಬ್ಬ ಕಾಂಪೌಂಡರು, ಒಬ್ಬ ಆಸ್ಪತ್ರೆಯ ಅಟೆಂಡರು, ಒಬ್ಬ ಟೈಲರು, ಒಬ್ಬ ಫಾರೆಸ್ಟ್ ಗಾರ್ಡು, ಒಬ್ಬ ವಿಧವೆ, ಕೊನೆಗೆ ಮಿಡ್ಲ್ ಸ್ಕೂಲ್ ಮೇಷ್ಟರಾದ ನಾನು. ಆರಾಧನೆ ನಡೆಯುತ್ತಿದ್ದದ್ದು ಹಿಂದೆ ಯಾರೋ ಅಡಿಕೆ ಮೂಟೆ ಇಡುತ್ತಿದ್ದ ಹಂಚಿನ ಕಟ್ಟಡದಲ್ಲಿ. ಪ್ರಾರ್ಥನೆ ಉದ್ದವಾದಷ್ಟೂ ಗೋಡೆಯಿಂದ ಅಡಿಕೆ ವಾಸನೆ ಹೆಚ್ಚುತ್ತಿತ್ತು.

ಪಾದ್ರಿ ಅಯ್ಯನವರ ವಾಸ ಕಡೂರಿನಲ್ಲಿ. ತಿಂಗಳ ಮೊದಲ ಭಾನುವಾರ ಅವರು ಕಡೂರಿನವರ ಪಾಲು, ಎರಡನೆಯದು ನಮ್ಮ ಪಾಲು, ಮೂರನೆಯದು ಅಜ್ಜಂಪುರದವರ ಪಾಲು. ನಾಲ್ಕನೆಯದು ತಮ್ಮ ಹೆಂಡತಿಯ ಪಾಲು ಎಂದು ಅವರೇ ಹೇಳುತ್ತಿದ್ದರು. ಹಾಗಾಗಿ ಕರ್ತನ ಭೋಜನ, ಅಂದರೆ ಒಂದು ಚೂರು ರೊಟ್ಟಿ ಮತ್ತು ಒಂದು ಗುಟುಕು ದ್ರಾಕ್ಷಾರಸದ ಸಂಸ್ಕಾರ, ನಮಗೆ ತಿಂಗಳಿಗೊಂದು ಸಲ. ತರೀಕೆರೆ ದ್ರಾಕ್ಷಿ ಬೆಳೆಯುವ ಊರಲ್ಲ. ಅಂಗಡಿಯ ಒಣದ್ರಾಕ್ಷಿಯನ್ನು ನೆನೆಹಾಕಿ, ಕುದಿಸಿ, ಕಿವುಚಿ, ಬಿಳಿ ಬಟ್ಟೆಯಲ್ಲಿ ಸೋಸಿದರೆ ಅದೇ ನಮ್ಮ ದ್ರಾಕ್ಷಾರಸ. ಆ ಕೆಲಸ ನಮ್ಮ ಅವ್ವನದು.

ಸಭೆಯಲ್ಲಿ ಹಳೆಯ ಪದ್ಧತಿಯೊಂದಿತ್ತು. ಭೋಜನದ ಹಿಂದಿನ ದಿನ, ಯಾರಿಗೆ ಯಾರ ಮೇಲೆ ಮನಸ್ತಾಪವಿದೆಯೋ ಅವರು ಅವರ ಮನೆಗೆ ಹೋಗಿ ಸರಿಮಾಡಿಕೊಂಡು ಬರಬೇಕು. ಇದಕ್ಕೆ ಸಮಾಧಾನದ ಶನಿವಾರ ಎಂದು ಹೆಸರು. ಸರಿಹೋಗದವರು ಭಾನುವಾರ ಮೇಜಿನ ಬಳಿ ಬರದೆ ಹಿಂದಿನ ಬೆಂಚಿನಲ್ಲಿ ಕೂರಬೇಕು. ಉದ್ದೇಶವೇನೋ ಘನವಾದದ್ದು. ನಡೆಯುತ್ತಿದ್ದದ್ದು ಮಾತ್ರ ಬೇರೆ: ಕ್ಷಮೆ ಕೇಳಲು ಹೊರಟವರು ಮುಂದಿನ ತಿಂಗಳಿಗೆ ಸಾಕಾಗುವಷ್ಟು ಜಗಳ ತಂದುಕೊಳ್ಳುತ್ತಿದ್ದರು. ಟೈಲರು ಒಂದು ಶನಿವಾರ ಗ್ಯಾಂಗ್‌ಮನ್ನನ ಮನೆಗೆ ಹೋಗಿ, "ನಿನ್ನ ಕೋಳಿ ನನ್ನ ಗಿರಾಕಿ ಪಂಚೆ ಮೇಲೆ ಗಲೀಜು ಮಾಡಿದ್ದನ್ನ ಕ್ಷಮಿಸಿದೀನಿ ಕಣಯ್ಯ" ಎಂದ.

"ಆ ಕೋಳಿ ನಂದಲ್ಲ" ಎಂದ ಗ್ಯಾಂಗ್‌ಮನ್.

"ಯಾರ್ದಾದ್ರೂ ಆಗ್ಲಿ. ನಾನು ಕ್ಷಮಿಸಿರೋದು ನಿನ್ನನ್ನೇ."

ಮರುದಿನ ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತು ಒಂದೇ ಕೀರ್ತನೆ ಪುಸ್ತಕ ನೋಡಿಕೊಂಡು ಹಾಡಿದರು. ಸಭೆಯವರು ಈ ನಿಯಮವನ್ನು ಬಸ್ಸಿನ ಟೈಮಿನ ಹಾಗೆ ತೆಗೆದುಕೊಂಡಿದ್ದರು. ಇದೆ ಎಂದು ಗೊತ್ತು, ನಂಬಿ ಕೂರುವವರಿಲ್ಲ. ನಂಬಿ ಕೂತವನು ಇಡೀ ಸಭೆಗೆ ನಾನೊಬ್ಬ.

ಅದು ಶುರುವಾದದ್ದು ಎಪ್ಪತ್ತಮೂರರಲ್ಲೋ ನಾಲ್ಕರಲ್ಲೋ. ಒಂದು ಭಾನುವಾರ ರೊಟ್ಟಿ ಬಾಯಿಗಿಟ್ಟುಕೊಂಡ ಮೇಲೆ, ಆ ವಾರ ಹೆಡ್‌ಮೇಷ್ಟರಿಗೆ ಕೊಟ್ಟ ರಜಾ ಅರ್ಜಿ ನೆನಪಾಯಿತು. ಅದರಲ್ಲಿ ನನಗೆ ಜ್ವರ ಎಂದು ಬರೆದಿದ್ದೆ. ಜ್ವರವಿದ್ದದ್ದು ನನ್ನ ಹೆಂಡತಿಗೆ. ಯೋಗ್ಯನಲ್ಲದೆ ತಿಂದರೆ ಪಾಪ ಎಂದು ಬೈಬಲ್ಲಿನಲ್ಲಿದೆ; ಹಾಗಾಗಿ ರೊಟ್ಟಿಯನ್ನು ನುಂಗುವುದು ತಪ್ಪು, ಉಗಿಯುವುದು ಇನ್ನೂ ತಪ್ಪು. ಕೊನೆಯ ಕೀರ್ತನೆ ಮುಗಿಯುವವರೆಗೆ ದವಡೆಯಲ್ಲಿ ಇಟ್ಟುಕೊಂಡಿದ್ದೆ. ಅದು ತಾನೇ ಕರಗಿ ನನ್ನ ಕೈಮೀರಿ ಹೋಯಿತು. ಅಂದು ಮಧ್ಯಾಹ್ನ ಒಂದು ತೀರ್ಮಾನ ಮಾಡಿದೆ. ಒಂದು ಎರಡನೆಯ ಭಾನುವಾರದಿಂದ ಇನ್ನೊಂದರವರೆಗೆ, ಒಂದೇ ಒಂದು ತಿಂಗಳು, ಸಿಟ್ಟಿಲ್ಲದೆ, ಸುಳ್ಳಿಲ್ಲದೆ, ಯಾರ ಬಗ್ಗೆಯೂ ಕೆಟ್ಟದ್ದು ಯೋಚಿಸದೆ ಇರಬೇಕು. ಅಂಥ ತಿಂಗಳು ಬಂದಾಗ ಮೇಜಿಗೆ ಹೋಗುವುದು. ಅಲ್ಲಿಯವರೆಗೆ ಹಿಂದಿನ ಬೆಂಚು. ದೇವರಿಗೆ ಇಷ್ಟೂ ಕೊಡಲಾಗದವನು ಮನುಷ್ಯನೇ ಎಂದುಕೊಂಡೆ.

ಆ ತಿಂಗಳು ಬರಲಿಲ್ಲ. ಬಹಳ ಮುಂದೆ ಹೋದದ್ದೆಂದರೆ ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಾತ ಹೊರಗಿನಿಂದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದ. ನಾನು ಒಳಗೆ ಹತ್ತಿ, ಅದೇ ಟವೆಲಿನಲ್ಲಿ ಮುಖ ಒರೆಸಿಕೊಂಡು, ಆ ಸೀಟಿನಲ್ಲೇ ಕೂತೆ. ಕಡೂರು ಬರುವವರೆಗೂ ಇಬ್ಬರೂ ಬೈದಾಡಿಕೊಂಡೆವು. ಎಮರ್ಜೆನ್ಸಿ ಬಂತು, ಹೋಯಿತು. ಸರ್ಕಾರ ಬದಲಾಯಿತು. ನನ್ನ ಮೂವತ್ತು ದಿನ ಮಾತ್ರ ಕೂಡಿ ಬರಲಿಲ್ಲ.

ಶನಿವಾರಗಳಲ್ಲಿ ನಾನು ಸಭೆಯ ಎಲ್ಲೆಯನ್ನೂ ಮೀರಿ ಹೋಗುತ್ತಿದ್ದೆ. ನಾವು ಒಣದ್ರಾಕ್ಷಿ ತರುತ್ತಿದ್ದ ಅಂಗಡಿಯ ಯಜಮಾನರು ಮಠದ ಶಿಷ್ಯರು, ಹಣೆಯಲ್ಲಿ ವಿಭೂತಿ, ಮರ್ಯಾದಸ್ಥರು. ಒಂದು ಶನಿವಾರ ಅವರ ಮುಂದೆ ನಿಂತು, ಮೂರು ವರ್ಷದ ಹಿಂದೆ ನಿಮ್ಮ ಬಗ್ಗೆ ಕೆಟ್ಟದಾಗಿ ಯೋಚಿಸಿದ್ದೆ, ಕ್ಷಮಿಸಬೇಕು ಎಂದೆ.

"ಏನಂತ ಯೋಚ್ನೆ ಮಾಡಿದ್ರಿ ಮೇಷ್ಟ್ರೇ?" ಎಂದರು ಅವರು, ಇನ್ನೂ ನಗುತ್ತಲೇ.

"ಬೇಳೆಗೆ ಕಲ್ಲು ಬೆರೆಸ್ತೀರಿ ಅಂತ."

ಅವರ ಮುಖ ಇಳಿಯಿತು. "ಮೂರು ವರ್ಷದಿಂದ ನಮ್ಮಂಗ್ಡೀಲೇ ಸಾಮಾನು ತಗೋತಿದೀರಲ್ರೀ?"

"ಹೌದು. ಕಲ್ಲು ಆರಿಸಿಕೊಂಡು."

ಅಲ್ಲಿಗೆ ಆ ಅಂಗಡಿಯೂ ಮುಗಿಯಿತು. ಅಂದಿನಿಂದ ಅವ್ವ ಒಣದ್ರಾಕ್ಷಿಗೆ ಇನ್ನೊಂದು ಬೀದಿಗೆ ಹೋಗಬೇಕಾಯಿತು.

ಅಯ್ಯನವರಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. ಒಂದು ಭಾನುವಾರ ಊಟಕ್ಕೆ ಕೂತಾಗ ಹೇಳಿದರು: "ಮೇಷ್ಟ್ರೇ, ನೀವು ಊಟಕ್ಕೆ ಕರೆದ್ರೆ ಹೊಟ್ಟೆ ತುಂಬಿಸ್ಕೊಂಡು ಬರ್ತೀನಿ ಅಂತೀರಿ. ತುಂಬಿದ ಮೇಲೆ ಇಲ್ಲೇನ್ ಕೆಲಸ ನಿಮಗೆ?"

ಮಾತು ಚೆನ್ನಾಗಿದೆ ಎಂದುಕೊಂಡೆ. ಅಯ್ಯನವರು ಸ್ವಲ್ಪ ಸಡಿಲ ಎಂದೂ ಅಂದುಕೊಂಡೆ. ಹಾಗೆ ಅಂದುಕೊಂಡದ್ದರಿಂದ ಆ ತಿಂಗಳೂ ಕೆಟ್ಟಿತು.

ಇಷ್ಟರಲ್ಲೇ ನಿಂತಿದ್ದರೆ ಇದು ನಗುವ ಕಥೆ. ಒಂದು ದಿನ ನನ್ನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಡ್ಯೂಟಿ ಸೀರೆ ಮಡಿಸುತ್ತಾ ಕೇಳಿದಳು: "ರೀ, ಅತ್ತೆ ಮೂರು ತಿಂಗಳಿಂದ ಮೇಜಿಗೆ ಹೋಗ್ತಿಲ್ಲ. ನೋಡಿದೀರಾ?"

ನೋಡಿರಲಿಲ್ಲ. ಹಿಂದಿನ ಬೆಂಚಿನಲ್ಲಿ ನಾನು ಕಣ್ಣು ಮುಚ್ಚಿಕೊಂಡು ನನ್ನ ತಪ್ಪುಗಳನ್ನು ನೋಡುತ್ತಿರುತ್ತಿದ್ದೆ. ಅದೇ ಬೆಂಚಿನ ಆ ತುದಿಯಲ್ಲಿ ಅವ್ವ ಕೂತಿರುತ್ತಿದ್ದಳು. ರಸ ಮಾಡಿ ಸೋಸಿ ಕೊಡುವವಳು ಅವಳೇ, ಕುಡಿಯದವಳೂ ಅವಳೇ.

"ಯಾಕವ್ವ?" ಎಂದು ಕೇಳಿದೆ.

"ನೀನು ಓದಿದೋನು. ನಿಂಗೇ ಯೋಗ್ಯತೆ ಸಾಲ್ದು ಅಂತ ಕುಂತಿದೀಯ. ಹೆಬ್ಬೆಟ್ಟು ಒತ್ತೋಳು, ನಂಗೆ ಸಾಲ್ತದಾ?" ಎಂದಳು ಅವ್ವ.

ಇಲ್ಲಿ ನಾನು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಆಗ ನನಗೆ ಸಂತೋಷವಾಯಿತು. ಒಂಬತ್ತು ಮನೆಯಲ್ಲಿ ನನ್ನ ಕಟ್ಟುನಿಟ್ಟು ಒಬ್ಬರಿಗಾದರೂ ತಟ್ಟಿತಲ್ಲ ಎನ್ನಿಸಿತು. ಅವ್ವನನ್ನು ಎದುರಿಗೆ ಕೂರಿಸಿಕೊಂಡು, ಮನಸ್ಸನ್ನು ಶೋಧಿಸುವುದು ಹೇಗೆ ಎಂದು ಪಾಠವನ್ನೇ ಶುರುಮಾಡಿದೆ.

ಅವ್ವ ಶ್ರದ್ಧೆಯಿಂದ ಶೋಧಿಸಿದಳು. ಒಂದು ವಾರದ ಮೇಲೆ ಬಂದು, ಸಿಕ್ಕಿತು ಎಂದಳು. ಅವಳು ಹುಟ್ಟಿ ಬೆಳೆದದ್ದು ಎಮ್ಮೆದೊಡ್ಡಿ ಕಡೆ. ಅಲ್ಲಿ ಅಮೃತಮಹಲ್ ದನ ಮೇಯುವ ಸರ್ಕಾರಿ ಕಾವಲು. ಹುಡುಗಿಯಾಗಿದ್ದಾಗ ಕಾವಲುಗಾರನ ಕಣ್ಣು ತಪ್ಪಿಸಿ ಅಲ್ಲಿಂದ ಸಗಣಿ ಬಾಚಿ ತರುತ್ತಿದ್ದಳಂತೆ. "ಸರ್ಕಾರದ್ದು ಕಣಪ್ಪ ಅದು. ಯಾರತ್ರ ತಪ್ಪಾಯ್ತು ಅನ್ಲಿ?"

ಬೇರೆ ಯಾರೇ ಮಗನಾಗಿದ್ದರೂ ನಕ್ಕು ಅವಳ ಬೆನ್ನು ತಟ್ಟುತ್ತಿದ್ದ. ನಾನು ಗಂಭೀರವಾಗಿ ಕೂತು ಯೋಚಿಸಿದೆ. ಅಮಲ್ದಾರರಿಗೆ ಒಂದು ಅರ್ಜಿ ಬರೆಯಬಹುದೇ ಎಂದೂ ಯೋಚಿಸಿದೆ. ಕೊನೆಗೆ, "ದನ ಈಗ ಬದುಕಿಲ್ಲ, ಕಾವಲುಗಾರನೂ ಇರಲಾರ, ಅದು ದೇವರಿಗೇ ಬಿಟ್ಟದ್ದು. ಮನುಷ್ಯರ ಜೊತೆಗಿನದು ಏನಾದರೂ ಇದೆಯಾ ನೋಡವ್ವ" ಎಂದೆ.

ಅವ್ವ, "ನಿಮ್ಮ ಚಿಕ್ಕವ್ವ ಐತಲ್ಲ" ಎಂದಳು.

ಚಿಕ್ಕವ್ವ ಅವಳ ಒಡಹುಟ್ಟಿದ ತಂಗಿ, ಅಜ್ಜಂಪುರದಲ್ಲಿದ್ದವಳು. ಗಂಡ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ರಿಟೈರಾಗಿದ್ದ. ಅಕ್ಕತಂಗಿಯರು ಮದುವೆ, ಸಾವುಗಳಲ್ಲಿ ಸಿಕ್ಕಿದಾಗ ಮಾತಾಡುತ್ತಿದ್ದರು, ಆದರೆ ಒಬ್ಬರ ಮನೆಗೆ ಒಬ್ಬರು ಸುಮ್ಮಸುಮ್ಮನೆ ಹೋಗುತ್ತಿರಲಿಲ್ಲ. ಏನೋ ಹಳೆಯದು. ಏನೆಂದು ನಾನು ಕೇಳಲಿಲ್ಲ, ಅವ್ವ ಹೇಳಲಿಲ್ಲ. ಏನಾದರಾಗಲಿ, ಸರಿಮಾಡಿಬಿಡೋಣ ಎಂದು ಎಂಬತ್ತನೆಯ ಇಸವಿಯ ಆಸುಪಾಸಿನ ಒಂದು ಚಳಿಗಾಲದ ಶನಿವಾರ ಅವ್ವನನ್ನು ಕರೆದುಕೊಂಡು ಅಜ್ಜಂಪುರದ ಬಸ್ಸು ಹತ್ತಿದೆ.

ಸ್ಟೇಷನ್ ಹಿಂದಿನ ಬೀದಿಯಲ್ಲಿ ಚಿಕ್ಕವ್ವನ ಮನೆ. ಹೋದಾಗ ಅವಳು ಪಡಸಾಲೆಯಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಸುಲಿಯುತ್ತಿದ್ದಳು.

"ಅಯ್, ಅಕ್ಕಾ. ಅವರೆ ಸೊಗಡು ತರೀಕೆರೆ ತಂಕ ಬಂತೇನೇ?"

"ಬಂದೇಬಿಡ್ತು ಕಣೇ. ಸರಿ ಅತ್ಲಾಗೆ" ಎಂದ ಅವ್ವ ಪಕ್ಕದಲ್ಲಿ ಕೂತು ತಾನೂ ಮೊರ ಎಳೆದುಕೊಂಡಳು.

ಮೂರು ಗಂಟೆ ಕಾಲ ಇಬ್ಬರೂ ಸುಲಿದರು. ಎಮ್ಮೆದೊಡ್ಡಿಯ ಮಾತು, ಸತ್ತವರ ಮಾತು, ಸೊಂಟನೋವಿನ ಮಾತು. ಚಿಕ್ಕವ್ವ ಮಂಡಕ್ಕಿ ಹಚ್ಚಿ ಕೊಟ್ಟಳು, ಕಾಫಿ ಕೊಟ್ಟಳು. ಅವ್ವ ಅಷ್ಟು ನಕ್ಕದ್ದನ್ನು ನಾನು ಅಪ್ಪ ಹೋದ ಮೇಲೆ ನೋಡಿರಲಿಲ್ಲ. ಕಣ್ಣಿದ್ದವನಿಗೆ ಅಲ್ಲಿ ಬೇಕಾದದ್ದೆಲ್ಲ ನಡೆದುಹೋಗಿತ್ತು. ನನಗೆ ಮಾತ್ರ ವಿಧಿವತ್ತಾಗಿ ಏನೂ ನಡೆದ ಹಾಗೆ ಕಾಣಲಿಲ್ಲ. ಐದೂವರೆಗೆ ಬಸ್ಸು. ನಾನು ಗಂಟಲು ಸರಿಮಾಡಿಕೊಂಡೆ.

"ಚಿಕ್ಕವ್ವ, ನಾವು ಬಂದ ವಿಷಯ ಇನ್ನೂ ಆಗಲಿಲ್ಲ."

"ಅವರೆಕಾಯಿ ಆಯ್ತಲ್ಲೋ. ಇನ್ನೇನು?"

"ಅವ್ವನಿಗೂ ನಿನಗೂ ನಡುವೆ ಏನೋ ಉಳಿದಿದೆ. ಅವ್ವ ಕ್ಷಮೆ ಕೇಳ್ತಾಳೆ. ನೀನು ಕ್ಷಮಿಸಿದೀನಿ ಅಂತ ಬಾಯಿಬಿಟ್ಟು ಹೇಳಬೇಕು."

"ಸುಮ್ಕಿರಪ್ಪ" ಎಂದಳು ಅವ್ವ.

"ಯಾತಕ್ಕಂತ ಹೇಳ್ಲಿ?" ಎಂದಳು ಚಿಕ್ಕವ್ವ. ಅವಳ ಮುಖದಲ್ಲಿ ಇನ್ನೂ ನಗು ಇತ್ತು.

"ಏನು ತಪ್ಪೋ ಅದರ ಹೆಸರು ಹೇಳಿ ಕ್ಷಮಿಸಬೇಕು. ಸುಮ್ಮನೆ ಹೇಳಿದರೆ ಪೂರ್ತಿಯಾಗಲ್ಲ" ಎಂದೆ. ಕ್ಲಾಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದ್ದೆ.

ಸಿಪ್ಪೆ ಗುಡಿಸುತ್ತಿದ್ದ ಚಿಕ್ಕವ್ವನ ಕೈ ನಿಂತಿತು. "ಹೆಸರು ಹೇಳ್ಬೇಕಾ? ಹೇಳ್ತೀನಿ ತಗೋ. ನನ್ನ ಮೊದಲ್ನೇ ಕೂಸು ಮಣ್ಣಿಗೋದಾಗ ನಿಮ್ಮವ್ವ ಬರ್ಲಿಲ್ಲ. ಪಾಪ, ಅವಳೇನ್ ಮಾಡಾಳು. ಬಸ್ಸು ಕೆಟ್ಟೋಯ್ತಂತೆ."

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ನಾನು ವಾರಗಟ್ಟಲೆ ಅವ್ವನಿಗೆ ಸತ್ಯದ ಪಾಠ ಹೇಳಿಕೊಟ್ಟಿದ್ದೆನಲ್ಲ, ಅವ್ವ ಪಾಠ ಒಪ್ಪಿಸಿಬಿಟ್ಟಳು.

"ಬಸ್ಸು ಕೆಟ್ಟಿರ್ಲಿಲ್ಲ ಕಣೇ. ಇವನ ಲೋಯರ್ ಸೆಕೆಂಡರಿ ಪರೀಕ್ಷೆ ಇತ್ತು. ಬುತ್ತಿ ಕಟ್ಟೋರು ಯಾರೂ ಇರ್ಲಿಲ್ಲ."

ಚಿಕ್ಕವ್ವ ನನ್ನನ್ನೂ ಅವ್ವನನ್ನೂ ಒಂದೊಂದು ಸಲ ನೋಡಿದಳು. "ಬುತ್ತಿ" ಎಂದಳು. "ಇಪ್ಪತ್ತು ವರ್ಷ ಆ ಬಸ್ಸಿನೋನಿಗೆ ಶಾಪ ಹಾಕ್ಕಂಡು ಬಂದೆ" ಎಂದಳು. ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋದಳು. ನಾವು ಹೊರಡುವಾಗ ಬಾಗಿಲಿಗೆ ಬರಲಿಲ್ಲ. ಆ ಪರೀಕ್ಷೆಯಲ್ಲಿ ಗಣಿತದಲ್ಲಿ ನನಗೆ ಮೂವತ್ತೆಂಟು ಬಂದಿತ್ತು.

ಬಸ್ಸಿನಲ್ಲಿ ಅವ್ವ ಉಗುರಿಗಂಟಿದ್ದ ಅವರೆಯ ಜಿಡ್ಡನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಕೂತಳು. ತರೀಕೆರೆಯ ದೀಪ ಕಾಣುವ ಹೊತ್ತಿಗೆ ಮೆಲ್ಲಗೆ, "ಅವಳು ಮರ್ತಿದ್ಲು ಕಣಪ್ಪ" ಎಂದಳು. ಇಳಿದು ನಡೆಯುವಾಗ ಕೇಳಿದಳು: "ಹಂಗಾದ್ರೆ ನಾಳೆ ನಾನು ಮೇಜಿಗೆ ಹೋಗಂಗಿಲ್ಲ, ಅಲ್ವಾ?"

"ಇಲ್ಲವ್ವ. ಈಗಂತೂ ಆಗಲ್ಲ. ಚಿಕ್ಕವ್ವ ಸರಿಹೋಗಬೇಕು" ಎಂದೆ.

ಹೇಳಿದೆ. ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೋಗುವ ದಾರಿಯಲ್ಲಿ, ಅವಳ ಚೀಲ ಕೈಯಲ್ಲಿ ಹಿಡಿದುಕೊಂಡು, ಯಾವ ಅನುಮಾನವೂ ಇಲ್ಲದೆ ಹೇಳಿದೆ. ಆ ದಿನ ನನಗೆ ಕಾಡಿದ್ದು ಇಷ್ಟೇ: ಈ ತಿಂಗಳೂ ಕೆಟ್ಟಿತು.

ಚಿಕ್ಕವ್ವನಿಗೆ ನಾನು ಕಾರ್ಡುಗಳನ್ನು ಬರೆದೆ. ಉತ್ತರ ಬರಲಿಲ್ಲ. ವರ್ಷ ಕಳೆಯಿತು, ಇನ್ನೂ ಸ್ವಲ್ಪ ಕಳೆಯಿತು. ಅವ್ವ ತಿಂಗಳು ತಿಂಗಳೂ ರಸ ಸೋಸಿಕೊಟ್ಟು ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಅವಳಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು. ಮಾತು ತೊದಲುತ್ತಿತ್ತು, ಅರ್ಥವಾಗುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ನನ್ನ ಹೆಂಡತಿ ಮುಚ್ಚುಮರೆ ಮಾಡದೆ ಹೇಳಿದಳು: "ಎರಡು ವಾರ ಅಂದ್ಕೊಳಿ. ಈ ಭಾನುವಾರ ಅಯ್ಯನವರನ್ನ ಮನೆಗೆ ಕರ್ಕೊಂಡು ಬನ್ನಿ. ಅತ್ತೆ ಒಂದು ಸಲ ತಗೊಳ್ಳಲಿ. ನಿಮ್ಮ ಶೋಧನೆ ಎಲ್ಲಾ ಆಮೇಲೆ ಇಟ್ಕೊಳಿ."

ನಾನು ಶುಕ್ರವಾರವೇ ಅಜ್ಜಂಪುರಕ್ಕೆ ಓಡಿದೆ. ಚಿಕ್ಕವ್ವನ ಬಾಗಿಲಿಗೆ ಬೀಗ. ಮಗಳ ಬಾಣಂತನಕ್ಕೆ ಹೋಗವ್ರೆ ಎಂದರು ಪಕ್ಕದ ಮನೆಯವರು. ಊರು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಹೇಳಿಕೆ ಬಿಟ್ಟು ಬಂದೆ.

ಭಾನುವಾರ ಆರಾಧನೆ ಮುಗಿಸಿ ಅಯ್ಯನವರು ಮನೆಗೆ ಬಂದರು. ಚಿಕ್ಕ ತಟ್ಟೆಯಲ್ಲಿ ರೊಟ್ಟಿ, ಲೋಟದಲ್ಲಿ ರಸ. ಪ್ರಾರ್ಥನೆ ಮಾಡಿ, ಒಂದು ಚೂರು ರೊಟ್ಟಿಯನ್ನು ರಸದಲ್ಲಿ ಅದ್ದಿ ಅವ್ವನ ಬಾಯ ಹತ್ತಿರ ಹಿಡಿದರು. ಅವ್ವ ತುಟಿ ಮುಚ್ಚಿ ತಲೆ ಅಲ್ಲಾಡಿಸಿದಳು.

"ಯಾಕಮ್ಮಾ?"

"ತಂಗಿ ಬರ್ಲಿ."

"ತಂಗಿ ಬರದೇ ಇದ್ದದ್ದು ನಿಮ್ಮ ತಪ್ಪಲ್ಲ ಅಮ್ಮ, ದೇವರಿಗೆ ಗೊತ್ತು. ತಗೊಳಿ."

ಅವ್ವ ನನ್ನ ಕಡೆ ನೋಡಿದಳು. ಅಯ್ಯನವರು ದೇವರ ಸೇವಕರಿರಬಹುದು, ಅವಳಿಗೆ ಪಾಠ ಹೇಳಿದವನು ನಾನು. ನಾನು ಮಂಚದ ಪಕ್ಕ ಕೆಳಗೆ ಕೂತೆ. "ತಗೋ ಅವ್ವ. ನಾನು ಹೇಳಿದ್ದು ತಪ್ಪು" ಎಂದೆ.

"ಯಾವ್ದು?"

"ಎಲ್ಲಾ."

"ಎಂಟು ವರ್ಷ ನೀನೇ ತಗೊಳ್ಳಿಲ್ವಲ್ಲ."

ಅಯ್ಯನವರ ತಟ್ಟೆಯಿಂದ ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡೆ, ಲೋಟದಿಂದ ಒಂದು ಗುಟುಕು ಕುಡಿದೆ. ಹಿಂದಿನ ದಿನ ಸಣ್ಣದೊಂದು ವಿಷಯಕ್ಕೆ ಹೆಂಡತಿಯ ಮೇಲೆ ಕೂಗಾಡಿದ್ದೆ. ಬೆಳಿಗ್ಗೆಯಿಂದ ಚಿಕ್ಕವ್ವನನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. "ನೋಡವ್ವ, ತಗೊಂಡೆ. ಹಾಗೇ ತಗೊಂಡೆ. ಏನೂ ಆಗಲಿಲ್ಲ" ಎಂದೆ.

ಅವ್ವನ ಕಣ್ಣಲ್ಲಿ ನೀರು ಬಂತು. ನಾನು ಗೆದ್ದೆ ಎಂದುಕೊಂಡೆ. ಅವಳು ಎಡಗೈಯಿಂದ ನನ್ನ ಕೆನ್ನೆ ಮುಟ್ಟಿ, ಒಂದೊಂದೇ ಮಾತು ಕಷ್ಟಪಟ್ಟು ಹೇಳಿದಳು: "ತಯಾರಿಲ್ದೆ ತಗೊಂಡ್ಯಲ್ಲಪ್ಪಾ. ನನ್ನ ದೆಸೆಯಿಂದ ನಿಂಗೂ ಒಂದು ಪಾಪ ಆಯ್ತು."

ಆಮೇಲೆ ಗೋಡೆ ಕಡೆ ಮುಖ ತಿರುಗಿಸಿದಳು. ಅಯ್ಯನವರು ಬಹಳ ಹೊತ್ತು ಅದ್ದಿದ ಚೂರನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಕೊನೆಗೆ ಅದನ್ನು ಅವರೇ ತಿಂದರು. ಅವರ ರೈಲಿಗೆ ಹೊತ್ತಾಗಿತ್ತು.

ಅವ್ವ ಬುಧವಾರ ಹೋದಳು. ಗುರುವಾರ ಮಧ್ಯಾಹ್ನ ಮಣ್ಣು ಮಾಡಿ ಮನೆಗೆ ಬಂದಾಗ, ಚಿಕ್ಕವ್ವ ಜಗಲಿಯ ಮೇಲೆ ಕೂತಿದ್ದಳು. ಹೇಳಿಕೆ ತಲುಪಿ, ಎರಡು ರೈಲು ಬದಲಾಯಿಸಿ ಬಂದಿದ್ದಳು. ಅಳು ನಿಂತ ಮೇಲೆ ನನ್ನನ್ನು ಹತ್ತಿರ ಕರೆದಳು.

"ಲೇ, ನಾನು ಆವತ್ತು ಸಂಜೆ ಅವರೆಕಾಳು ಬೇಯೋದ್ರೊಳ್ಗೆ ಸಿಟ್ಟು ಬಿಟ್ಟಿದ್ದೆ ಕಣೋ. ಎಳೇ ಮಗನಿಗೆ ಬುತ್ತಿ ಕಟ್ಟದೆ ಇನ್ನೇನು ಮಾಡಾಳು ಅವಳು."

"ಮತ್ತೆ ಯಾಕೆ ಬರಲಿಲ್ಲ ಚಿಕ್ಕವ್ವ? ಅಷ್ಟು ಕಾರ್ಡು ಬರೆದೆ."

"ಅದುಕ್ಕೇ ಬರ್ಲಿಲ್ಲ. ಪ್ರತಿ ಕಾರ್ಡ್ನಾಗೂ ನೀನು ಬಾಯಿಬಿಟ್ಟು ಹೇಳ್ಬೇಕು, ಹೆಸರಿಟ್ಟು ಹೇಳ್ಬೇಕು ಅಂತ ಬರ್ದಿದ್ದೆ. ಬಂದ್ರೆ ಎದುರ್ಗೆ ನಿಲ್ಲಿಸ್ಕಂಡು ಕೂಸಿನ ಮಾತು ಮತ್ತೆ ಆಡಿಸ್ತೀಯ ಅಂತ ಹೆದರ್ಕೆ ಆಯ್ತು. ನಂಗೆ ಅವಳ ಪಕ್ಕ ಸುಮ್ನೆ ಕೂರ್ಬೇಕಿತ್ತು, ಅಷ್ಟೇ."

ಮುಂದಿನ ತಿಂಗಳು ಎರಡನೆಯ ಭಾನುವಾರ ನಾನು ಹಿಂದಿನ ಬೆಂಚಿನಿಂದ ಎದ್ದು ಮೇಜಿಗೆ ಹೋದೆ. ಹಿಂದಿನ ಶನಿವಾರ ಯಾರ ಮನೆಗೂ ಹೋಗಿರಲಿಲ್ಲ. ರಸ ನನ್ನ ಹೆಂಡತಿ ಮಾಡಿದ್ದು, ಸ್ವಲ್ಪ ತಳ ಹತ್ತಿತ್ತು. ಅಯ್ಯನವರು ಏನೂ ಕೇಳದೆ ಕೊಟ್ಟರು. ಆವತ್ತಿನಿಂದ ಒಂದು ತಿಂಗಳೂ ಬಿಟ್ಟಿಲ್ಲ. ಸಭೆಯವರು ಇದನ್ನು ನನ್ನ ಆತ್ಮಿಕ ಬೆಳವಣಿಗೆ ಎಂದು ಭಾವಿಸಿದ್ದಾರೆ. ಅಯ್ಯನವರು ವರ್ಗವಾಗಿ ಹೋಗುವ ಮುಂಚೆ ಒಂದು ಭಾನುವಾರದ ಉಪದೇಶದಲ್ಲಿ, ಯೋಗ್ಯತೆಯ ಹಟ ಬಿಟ್ಟು ಕೃಪೆಗೆ ಕೈಚಾಚಿದ ಒಬ್ಬ ಸಹೋದರನ ವಿಷಯ ಹೇಳಿದರು. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಕೀರ್ತನೆ ಪುಸ್ತಕದ ಹಾಳೆ ತಿರುವುತ್ತಿದ್ದೆ.

ಹಟ ಬಿಟ್ಟದ್ದು ನಿಜ. ಕೃಪೆ ಏನೆಂದು ತಿಳಿದು ಬಿಟ್ಟವನಲ್ಲ ನಾನು. ಪರಿಪೂರ್ಣನಾಗಿ ಇನ್ನು ಯಾರಿಗೆ ತೋರಿಸಲಿ ಎನ್ನಿಸಿ ಬಿಟ್ಟೆ. ದೇವರು ನನ್ನನ್ನು ಕ್ಷಮಿಸಿರುತ್ತಾನೆ. ಆತನ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಅವ್ವ ಮೇಜಿನ ಮುಂದೆ ಹಸಿದುಕೊಂಡು ಹೋದಳು, ಅದರಲ್ಲೂ ಅನುಮಾನವಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಪ್ರಾರ್ಥನೆ ಮಾಡುವುದು ಹೇಗೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ರೊಟ್ಟಿ ಕೈಗೆ ಬರುತ್ತದೆ. ನುಂಗಿ ನನ್ನ ಜಾಗಕ್ಕೆ ಬಂದು ಕೂರುತ್ತೇನೆ.